ಕ್ಯಾನ್ಸರ್ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಯೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿಗೆ ಮತ್ತು ಜೊತೆಗಿದ್ದು ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಸೌಮ್ಯವಾದ ಯೋಗಾಭ್ಯಾಸ ಹೇಳಿಕೊಡುವ ಕಾರ್ಯಕ್ರಮಗಳು ಈಗ ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತಿವೆ. ಸೇರುವ ಮೊದಲು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಉತ್ತರಗಳು ಮಾತ್ರ ಕಾಯಿಲೆಯ ಬಗೆ, ಚಿಕಿತ್ಸೆಯ ಹಂತ ಮತ್ತು ಆಯಾ ದಿನದ ದೇಹಸ್ಥಿತಿಗೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ಇಲ್ಲಿರುವುದನ್ನು ಓದಿದ ಮೇಲೂ ನಿಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಯೋಗದಿಂದ ಕ್ಯಾನ್ಸರ್ ಗುಣವಾಗುತ್ತದೆಯೇ?

ಇಲ್ಲ. ಯಾವ ಆಸನವೂ, ಯಾವ ಪ್ರಾಣಾಯಾಮವೂ ಗೆಡ್ಡೆಯನ್ನು ಕರಗಿಸುವುದಿಲ್ಲ. ಗುಣಪಡಿಸುತ್ತೇನೆಂದು ಹೇಳುವವರು ಸಿಕ್ಕರೆ, ಅವರ ಬಳಿ ಕಲಿಯಬೇಕಾದದ್ದು ಏನೂ ಇಲ್ಲವೆಂದು ತಿಳಿದು ಹೊರಬರುವುದು ಒಳ್ಳೆಯದು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ರೇಡಿಯೇಷನ್ ಮುಂತಾದವನ್ನು ಬಿಟ್ಟು ಬರೀ ಪರ್ಯಾಯ ವಿಧಾನಗಳನ್ನೇ ನಂಬಿದ ರೋಗಿಗಳ ದಾಖಲೆಗಳನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥವರು ಸಾವಿಗೀಡಾಗುವ ಅಪಾಯ ಚಿಕಿತ್ಸೆ ಪಡೆದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಯೋಗ ಇರಬೇಕಾದದ್ದು ಚಿಕಿತ್ಸೆಯ ಜೊತೆಯಲ್ಲಿ. ಅದರ ಜಾಗದಲ್ಲಿ ಅಲ್ಲ.

ಹಾಗಾದರೆ ಇದರಿಂದ ನಿಜವಾಗಿ ಆಗುವ ಪ್ರಯೋಜನವೇನು?

ಚಿಕಿತ್ಸೆಯನ್ನು ತಾಳಿಕೊಳ್ಳುವುದು ತುಸು ಸುಲಭವಾಗುತ್ತದೆ. ನಿದ್ದೆ, ದಣಿವು, ಆತಂಕ, ಕುಗ್ಗಿದ ಮನಸ್ಸು, ಸ್ವಲ್ಪ ಮಟ್ಟಿಗೆ ವಾಕರಿಕೆ: ಸಂಶೋಧನೆಯ ಬೆಂಬಲ ಇರುವುದು ಮುಖ್ಯವಾಗಿ ಈ ತೊಂದರೆಗಳ ವಿಷಯದಲ್ಲಿ. ಸ್ತನ ಕ್ಯಾನ್ಸರ್ ಮತ್ತು ಯೋಗವನ್ನು ಕುರಿತ 24 ಅಧ್ಯಯನಗಳನ್ನು, ಅಂದರೆ 2166 ಮಹಿಳೆಯರ ಅನುಭವವನ್ನು, ಒಟ್ಟಿಗೆ ಪರಿಶೀಲಿಸಿದ 2017ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯು, ಯಾವುದೇ ಪೂರಕ ಚಿಕಿತ್ಸೆ ಇಲ್ಲದವರಿಗೆ ಹೋಲಿಸಿದರೆ ಯೋಗ ಮಾಡಿದವರಲ್ಲಿ ದಣಿವೂ ನಿದ್ದೆಯ ತೊಂದರೆಯೂ ಕಡಿಮೆಯಾಗಿ ಜೀವನದ ಗುಣಮಟ್ಟ ಸುಧಾರಿಸಿದ್ದನ್ನು ಗುರುತಿಸಿತು. ರಾಚೆಸ್ಟರ್ ವಿಶ್ವವಿದ್ಯಾಲಯದವರು ಚಿಕಿತ್ಸೆ ಮುಗಿದಿದ್ದರೂ ಸರಿಯಾಗಿ ನಿದ್ದೆ ಬಾರದ 410 ಜನರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ಸಲ, 75 ನಿಮಿಷಗಳಂತೆ, ಕೇವಲ ನಾಲ್ಕು ವಾರ ಸೌಮ್ಯವಾದ ಯೋಗ ಮಾಡಿದವರ ನಿದ್ದೆ ಉತ್ತಮಗೊಂಡಿತು. ಬೆಂಗಳೂರಿನಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 62 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೋಗ ಕಲಿತ ಗುಂಪಿನಲ್ಲಿ ಔಷಧದ ನಂತರದ ವಾಕರಿಕೆ ಕಡಿಮೆಯಿದ್ದುದನ್ನು ದಾಖಲಿಸಿದೆ.

ಅಮೆರಿಕದ ಕ್ಯಾನ್ಸರ್ ತಜ್ಞವೈದ್ಯರ ಸಂಘಗಳು 2023ರಲ್ಲಿ ಹೊರತಂದ ಮಾರ್ಗಸೂಚಿಯು ಆತಂಕ ಮತ್ತು ಖಿನ್ನತೆಗೆ ನೀಡಬಹುದಾದ ವಿಧಾನಗಳಲ್ಲಿ ಯೋಗವನ್ನೂ ಸೇರಿಸಿದೆ. 2024ರ ಮಾರ್ಗಸೂಚಿಯು ಚಿಕಿತ್ಸೆ ಮುಗಿದ ನಂತರವೂ ಉಳಿಯುವ ದಣಿವಿಗೆ ಇದನ್ನು ಸೂಚಿಸಬಹುದೆಂದು ಹೇಳುತ್ತದೆ. ಆದರೆ ಈ ಅಧ್ಯಯನಗಳ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಭಾಗವಹಿಸಿದವರಲ್ಲಿ ಬಹುಪಾಲು ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರು. ಶ್ವಾಸಕೋಶ, ಕರುಳು ಅಥವಾ ರಕ್ತದ ಕ್ಯಾನ್ಸರ್ ಇರುವವರ ಬಗ್ಗೆ ಅಷ್ಟು ಮಾಹಿತಿ ಇಲ್ಲ. ಮಾತ್ರೆಯ ಪರೀಕ್ಷೆಯಲ್ಲಿ ಮಾಡುವಂತೆ, ಯಾರಿಗೆ ಯೋಗ ಕೊಟ್ಟಿದೆ ಯಾರಿಗೆ ಕೊಟ್ಟಿಲ್ಲ ಎಂಬುದನ್ನು ಭಾಗವಹಿಸುವವರಿಂದ ಮರೆಮಾಚಲು ಇಲ್ಲಿ ಬರುವುದಿಲ್ಲ. ಆದ್ದರಿಂದ ಪ್ರಯೋಜನವಿದೆ ಎನ್ನುವುದು ನಿಜ, ಅದು ಸಾಧಾರಣ ಪ್ರಮಾಣದ್ದು ಎನ್ನುವುದೂ ನಿಜ.

ಸಾಮಾನ್ಯ ಯೋಗ ತರಗತಿಗೆ ಹೋದರೆ ಸಾಲದೇ?

ಚಿಕಿತ್ಸೆ ನಡೆಯುತ್ತಿರುವಾಗ ಸಾಲದು. ಸಾಮಾನ್ಯ ತರಗತಿಯಲ್ಲಿ ಎಲ್ಲರಿಗೂ ಒಂದೇ ಕ್ರಮ, ಒಂದೇ ವೇಗ. ನಿನ್ನೆ ಮಾಡಿದ್ದಕ್ಕಿಂತ ಇಂದು ಸ್ವಲ್ಪ ಹೆಚ್ಚು ಬಗ್ಗಬೇಕು ಎಂಬ ನಿರೀಕ್ಷೆಯೂ ಒಳಗೊಳಗೇ ಇರುತ್ತದೆ. ಕೀಮೋ ತೆಗೆದುಕೊಳ್ಳುವ ದೇಹ ಹಾಗೆ ನೇರವಾಗಿ ಮುಂದಕ್ಕೆ ಹೋಗುವುದಿಲ್ಲ. ಸುತ್ತಿನ ಕೊನೆಯ ದಿನಗಳಲ್ಲಿ ನಿಂತು ಮಾಡಿದ ಆಸನವನ್ನು ಮುಂದಿನ ಔಷಧವಾದ ಮೂರನೆಯ ದಿನ ಕುಳಿತೂ ಮಾಡಲಾಗದೆ ಹೋಗಬಹುದು. ಇದನ್ನು ಹಿನ್ನಡೆ ಎಂದು ನೋಡದೆ, ಆ ದಿನಕ್ಕೆ ತಕ್ಕ ಅಭ್ಯಾಸವನ್ನು ಆ ದಿನವೇ ಆರಿಸಿಕೊಡುವುದು ಇಂಥ ಕಾರ್ಯಕ್ರಮದ ಮುಖ್ಯ ಕೆಲಸ. ಅದಕ್ಕಾಗಿಯೇ ಒಂದು ಆಸನಕ್ಕೆ ನಿಂತು, ಕುರ್ಚಿಯಲ್ಲಿ ಕುಳಿತು, ಹಾಸಿಗೆಯಲ್ಲಿ ಮಲಗಿ ಮಾಡುವ ಮೂರು ರೂಪಗಳನ್ನೂ ಕಲಿಸುತ್ತಾರೆ. ದಿಂಬು, ಕಂಬಳಿ, ಗೋಡೆ ಎಲ್ಲವನ್ನೂ ಆಧಾರವಾಗಿ ಬಳಸುತ್ತಾರೆ.

ಹಿಂದೆ ವರ್ಷಗಟ್ಟಲೆ ಯೋಗ ಮಾಡಿದವರಿಗೆ ಇದು ಹೊಸಬರಿಗಿಂತಲೂ ಕಷ್ಟವಾಗುವುದುಂಟು. ಶೀರ್ಷಾಸನ ಮಾಡುತ್ತಿದ್ದವರಿಗೆ ಕುರ್ಚಿಯಲ್ಲಿ ಕುಳಿತು ಭುಜ ತಿರುಗಿಸುವುದು ಅವಮಾನದಂತೆ ಕಾಣಬಹುದು. ಅಪಾಯವೂ ಅವರಿಗೇ ಹೆಚ್ಚು. ದೇಹ ಬದಲಾಗಿದ್ದರೂ ಹಳೆಯ ಅಭ್ಯಾಸದ ನೆನಪು ಹಾಗೇ ಉಳಿದಿರುತ್ತದೆ.

ಯಾವ ಹಂತದಲ್ಲಿ ಆರಂಭಿಸಬಹುದು?

ಕಾಯಿಲೆ ಪತ್ತೆಯಾದ ವಾರದಲ್ಲೇ ಉಸಿರಾಟದ ಅಭ್ಯಾಸ ಮತ್ತು ವಿಶ್ರಾಂತಿಯನ್ನು ಆರಂಭಿಸಬಹುದು. ಪರೀಕ್ಷೆಗಳ ಫಲಿತಾಂಶಕ್ಕಾಗಿ ಕಾಯುವ ಆ ದಿನಗಳೇ ಅನೇಕರಿಗೆ ಎಲ್ಲಕ್ಕಿಂತ ಕಠಿಣವಾದವು. ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯುವವರೆಗೆ, ಕೊಳವೆಗಳನ್ನು ತೆಗೆಯುವವರೆಗೆ, ಆ ಭಾಗವನ್ನು ಎಳೆಯುವ ಯಾವ ಚಲನೆಯನ್ನೂ ಮಾಡಬಾರದು; ಎಷ್ಟು ವಾರ ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು. ಸ್ತನದ ಶಸ್ತ್ರಚಿಕಿತ್ಸೆಯಾದವರಿಗೆ ಇನ್ನೊಂದು ವಿಷಯವಿದೆ. ರೇಡಿಯೇಷನ್ ಸಮಯದಲ್ಲಿ ತೋಳನ್ನು ತಲೆಯ ಮೇಲಕ್ಕೆತ್ತಿ ಅಲುಗಾಡದೆ ಮಲಗಬೇಕಾಗುತ್ತದೆ. ಭುಜ ಬಿಗಿದುಕೊಂಡಿದ್ದರೆ ಅದೇ ದೊಡ್ಡ ಹಿಂಸೆ. ಆದ್ದರಿಂದ ವೈದ್ಯರು ಅನುಮತಿ ಕೊಟ್ಟ ದಿನದಿಂದ ಭುಜದ ಮೃದುವಾದ ಚಲನೆಗಳನ್ನು ಶುರು ಮಾಡಿದರೆ ಮುಂದೆ ಉಪಯೋಗವಾಗುತ್ತದೆ.

ಯಾವುದನ್ನು ಮಾಡಬಾರದು?

ಎಲ್ಲರಿಗೂ ಅನ್ವಯಿಸುವ ಒಂದೇ ಪಟ್ಟಿ ಇಲ್ಲ. ಯಾವ ತೊಂದರೆ ಇದೆಯೋ ಅದನ್ನು ನೋಡಿ ಹೇಳಬೇಕಾಗುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಕ್ಯಾನ್ಸರ್ ಮೂಳೆಗೆ ಹರಡಿರುವ ಸ್ಥಿತಿ. ಅಂಥ ಮೂಳೆ ಸಣ್ಣ ಒತ್ತಡಕ್ಕೂ ಮುರಿಯಬಹುದಾದ್ದರಿಂದ ಬೆನ್ನುಮೂಳೆಯನ್ನು ತಿರುಚುವ, ಪೂರ್ತಿ ಮುಂದಕ್ಕೆ ಬಾಗಿಸುವ, ಒಂದೇ ಕಾಲಿನ ಮೇಲೆ ಭಾರ ಹಾಕುವ ಆಸನಗಳನ್ನು ಬಿಡಬೇಕು. ಯಾವ ಮೂಳೆಗೆ ಎಷ್ಟು ಹರಡಿದೆ ಎಂಬುದು ಶಿಕ್ಷಕರಿಗೆ ತಿಳಿಯದೆ ತರಗತಿ ಆರಂಭವಾಗಲೇಬಾರದು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ, ಹಾರ್ಮೋನ್ ಚಿಕಿತ್ಸೆಯಲ್ಲಿರುವವರ ಮೂಳೆಗಳೂ ಸವೆದಿರಬಹುದು. ಅವರಿಗೂ ಇದೇ ಎಚ್ಚರಿಕೆ ಬೇಕು.

ರಕ್ತದ ಎಣಿಕೆ ಎರಡನೆಯದು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಸಂಖ್ಯೆ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಅದು 50,000ಕ್ಕಿಂತ ಕೆಳಗಿಳಿದಾಗ ಬೀಳುವ, ಪೆಟ್ಟಾಗುವ ಸಾಧ್ಯತೆಯಿರುವ ಚಲನೆಗಳನ್ನು ಸಾಮಾನ್ಯವಾಗಿ ಬಿಡಿಸುತ್ತಾರೆ. ಇನ್ನೂ ಕಡಿಮೆಯಾದರೆ ಮಲಗಿಯೇ ಮಾಡುವ ಉಸಿರಾಟದ ಅಭ್ಯಾಸಕ್ಕಿಂತ ಹೆಚ್ಚಿನದು ಬೇಡ. ಕೀಮೋ ಪಡೆದ ನಂತರ ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುವುದರಿಂದ ಆ ದಿನಗಳಲ್ಲಿ ಗುಂಪಿನ ತರಗತಿಗೆ ಹೋಗದೆ ಮನೆಯಲ್ಲೇ ಅಭ್ಯಾಸ ಮಾಡುವುದು ಕ್ಷೇಮ. ಹಲವರು ಬಳಸುವ ಚಾಪೆಯನ್ನು ಮಾತ್ರ ಯಾವ ದಿನವೂ ಬಳಸುವುದು ಬೇಡ.

ಕೆಲವು ಕೀಮೋ ಔಷಧಗಳು ನರಗಳಿಗೆ ತೊಂದರೆ ಕೊಟ್ಟು ಪಾದ ಜೋಮು ಹಿಡಿದಂತಾಗುತ್ತದೆ. ನೆಲ ಎಲ್ಲಿದೆ ಎಂಬುದೇ ಪಾದಕ್ಕೆ ಸರಿಯಾಗಿ ಗೊತ್ತಾಗದ ಇಂಥವರು ಒಂಟಿ ಕಾಲಿನ ಮೇಲೆ ನಿಲ್ಲುವ ವೃಕ್ಷಾಸನದಂಥದ್ದನ್ನು ಗೋಡೆಯ ಅಥವಾ ಕುರ್ಚಿಯ ಆಸರೆ ಇಲ್ಲದೆ ಪ್ರಯತ್ನಿಸಬಾರದು. ಹೊಟ್ಟೆಯ ಮೇಲೆ ಸ್ಟೋಮಾ ಚೀಲ (ಮಲ ಅಥವಾ ಮೂತ್ರ ಹೊರಬರಲು ಶಸ್ತ್ರಚಿಕಿತ್ಸೆಯಿಂದ ಮಾಡಿದ ದ್ವಾರಕ್ಕೆ ಅಂಟಿಸುವ ಚೀಲ) ಇರುವವರು ಬೋರಲು ಮಲಗುವ ಮತ್ತು ಹೊಟ್ಟೆಗೆ ಒತ್ತಡ ಬೀಳುವ ಆಸನಗಳನ್ನು ಬಿಡಬೇಕು. ಆ ಜಾಗದಲ್ಲಿ ಹರ್ನಿಯಾ ಆಗುವ ಸಾಧ್ಯತೆಯಿದೆ. ಮಿದುಳಿನಲ್ಲಿ ಗೆಡ್ಡೆ ಇರುವವರಿಗೆ ತಲೆ ಕೆಳಗಾಗುವ ಯಾವ ಭಂಗಿಯೂ ಬೇಡ. ಔಷಧ ಕೊಡಲು ಎದೆಯ ಚರ್ಮದಡಿ ಇಡುವ ಪೋರ್ಟ್ ಅಥವಾ ತೋಳಿನ ರಕ್ತನಾಳದೊಳಗೆ ಹಾಕುವ ಪಿಕ್ ಲೈನ್ ಎಂಬ ಕೊಳವೆ ಇದ್ದರೆ ಆ ಕಡೆಯ ತೋಳನ್ನು ಎಳೆಯುವ, ಅದರ ಮೇಲೆ ಭಾರ ಹಾಕುವ ಚಲನೆಗಳನ್ನು ತಪ್ಪಿಸಬೇಕು.

ಪ್ರಾಣಾಯಾಮದ ಬಗ್ಗೆ ಏನು ಹೇಳುತ್ತೀರಿ?

ಕಪಾಲಭಾತಿ, ಭಸ್ತ್ರಿಕಾ ಮುಂತಾದ ರಭಸದ ಅಭ್ಯಾಸಗಳನ್ನೂ, ಉಸಿರನ್ನು ಹಿಡಿದಿಡುವ ಕುಂಭಕವನ್ನೂ ಚಿಕಿತ್ಸೆಯ ಅವಧಿಯಲ್ಲಿ ಕಲಿಸುವುದಿಲ್ಲ. ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ಸ್ವಲ್ಪ ದೀರ್ಘವಾಗಿರುವ ಸಹಜ ಉಸಿರಾಟ, ದುಂಬಿಯಂತೆ ಗುಂಯ್ಗುಡುತ್ತಾ ಉಸಿರು ಬಿಡುವ ಭ್ರಾಮರಿ, ಮೂಗಿನ ಒಂದೊಂದೇ ಹೊಳ್ಳೆಯಿಂದ ಉಸಿರಾಡುವ, ಕುಂಭಕವಿಲ್ಲದ ನಾಡಿಶೋಧನ ಇವು ಸಾಕು. ಬಾಯಿಯಲ್ಲಿ ಹುಣ್ಣಾಗಿರುವವರಿಗೆ, ಮಡಿಸಿದ ನಾಲಿಗೆಯ ಮೂಲಕ ಉಸಿರೆಳೆದುಕೊಳ್ಳುವ ಶೀತಲಿ ಹಿತವೆನಿಸಬಹುದು, ಉರಿ ತರಿಸಲೂಬಹುದು. ಮಾಡಿ ನೋಡಿಯೇ ತಿಳಿಯಬೇಕು.

ಇಲ್ಲಿ ಒಂದು ಗೊಂದಲ ಬರುತ್ತದೆ. ಎಡ ಸ್ತನದ ರೇಡಿಯೇಷನ್ ಪಡೆಯುವ ಕೆಲವರಿಗೆ, ಹೃದಯ ಕಿರಣದ ದಾರಿಯಿಂದ ಸರಿದಿರಲಿ ಎಂಬ ಕಾರಣಕ್ಕೆ, ದೀರ್ಘವಾಗಿ ಉಸಿರೆಳೆದು ಕೆಲವು ಕ್ಷಣ ಹಿಡಿದುಕೊಳ್ಳಲು ಆಸ್ಪತ್ರೆಯಲ್ಲೇ ಹೇಳುತ್ತಾರೆ. ಯೋಗದ ತರಗತಿಯಲ್ಲಿ ಉಸಿರು ಹಿಡಿಯಬೇಡಿ ಎಂದಿದ್ದಾರಲ್ಲ ಎಂದು ಹಿಂಜರಿಯುವುದು ಬೇಡ. ರೇಡಿಯೇಷನ್ ಕೋಣೆಯಲ್ಲಿ ಅಲ್ಲಿನವರು ಹೇಳಿದಂತೆಯೇ ಮಾಡಬೇಕು.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರೆ. ತೋಳು ಆಡಿಸಿದರೆ ಊತ ಬರುವುದಿಲ್ಲವೇ?

ದುಗ್ಧಗ್ರಂಥಿಗಳನ್ನು ತೆಗೆದವರಿಗೆ, ಅಲ್ಲಿಗೆ ರೇಡಿಯೇಷನ್ ಆದವರಿಗೆ ತೋಳಿನಲ್ಲಿ ನೀರು ತುಂಬಿಕೊಂಡು ಊದುವ ಲಿಂಫೆಡೀಮಾ ಬರಬಹುದು ಎಂಬುದು ನಿಜ. ಆ ತೋಳಿನಿಂದ ಭಾರ ಎತ್ತಲೇಬಾರದು ಎಂದು ಬಹಳ ಕಾಲ ಹೇಳಲಾಗುತ್ತಿತ್ತು. ಈಗಾಗಲೇ ಊತವಿದ್ದ ಮಹಿಳೆಯರು ಮೇಲ್ವಿಚಾರಣೆಯಲ್ಲಿ, ತೀರ ಕಡಿಮೆ ಭಾರದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಊತ ಹೆಚ್ಚುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದ ಮೇಲೆ ಆ ಸಲಹೆ ಬದಲಾಯಿತು. ಯೋಗದಲ್ಲೂ ಇದೇ ಕ್ರಮ. ತೋಳನ್ನು ಆಡಿಸದೆ ಇಡುವುದು ಪರಿಹಾರವಲ್ಲ. ಆದರೆ ಮೊದಲ ದಿನವೇ ಅಧೋಮುಖ ಶ್ವಾನಾಸನದಲ್ಲಿ ಇಡೀ ದೇಹದ ಭಾರವನ್ನು ಕೈಗಳ ಮೇಲೆ ಹಾಕುವುದೂ ಸರಿಯಲ್ಲ. ಊತ ತಡೆಯಲು ತೋಳಿಗೆ ಬಿಗಿಯಾಗಿ ತೊಡುವ ಒತ್ತಡದ ತೋಳುಚೀಲ ಕೊಟ್ಟಿದ್ದರೆ ಅಭ್ಯಾಸದ ವೇಳೆ ಅದನ್ನು ಧರಿಸುವ ಬಗ್ಗೆ ಫಿಸಿಯೋಥೆರಪಿಸ್ಟರನ್ನು ಕೇಳಬೇಕು. ಕೋಣೆಯನ್ನು ಬಿಸಿಯಾಗಿಸಿ ನಡೆಸುವ ಯೋಗ ತರಗತಿಗಳಿಂದ ದೂರವಿರಬೇಕು. ತೋಳು ಭಾರವಾದಂತೆ, ಉಂಗುರ ಅಥವಾ ಬಳೆ ಬಿಗಿಯಾದಂತೆ ಅನ್ನಿಸಿದರೆ ಮರುದಿನದವರೆಗೆ ಕಾಯದೆ ತಿಳಿಸಬೇಕು.

ಎದ್ದು ಕೂರಲೂ ಆಗದಷ್ಟು ಸುಸ್ತು. ಇಂಥದ್ದರಲ್ಲಿ ಯೋಗ ಹೇಗೆ ಮಾಡುವುದು?

ಈ ಪ್ರಶ್ನೆಯಲ್ಲಿ ಅಸಮಾಧಾನವೂ ಇರುತ್ತದೆ, ಅದು ನ್ಯಾಯವೂ ಹೌದು. ಕ್ಯಾನ್ಸರಿನ ದಣಿವು ದುಡಿದು ಬಂದ ದಣಿವಿನಂತಲ್ಲ. ಮಲಗಿ ಎದ್ದರೂ ಅದು ಹೋಗುವುದಿಲ್ಲ. ಸುಮ್ಮನೆ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ ದಣಿವು ಇನ್ನೂ ಹೆಚ್ಚುತ್ತದೆ ಎಂಬುದು ಗೊತ್ತಿದ್ದರೂ, ಆ ಹೊತ್ತಿನಲ್ಲಿ ಎದ್ದು ನಡೆಯಿರಿ ಎಂಬ ಉಪದೇಶ ಯಾರಿಗೂ ಬೇಕಾಗಿರುವುದಿಲ್ಲ. ಮಲಗಿದಲ್ಲೇ ಪಾದವನ್ನು ಹಿಂದೆ ಮುಂದೆ ಆಡಿಸುವುದು, ಬೆರಳುಗಳನ್ನು ಮುಚ್ಚಿ ಬಿಚ್ಚುವುದು, ಉಸಿರೆಳೆಯುತ್ತಾ ತೋಳನ್ನು ಆದಷ್ಟು ಮೇಲಕ್ಕೆತ್ತಿ ಬಿಡುತ್ತಾ ಇಳಿಸುವುದು ಹೀಗೆ ಐದು ನಿಮಿಷ ಮಾಡಿ ನಿಲ್ಲಿಸಿದರೂ ಆ ದಿನದ ಅಭ್ಯಾಸ ಪೂರ್ಣವಾಯಿತೆಂದೇ ಲೆಕ್ಕ. ಅಭ್ಯಾಸದ ನಂತರ ಮೊದಲಿಗಿಂತ ಹೆಚ್ಚು ಬಳಲಿಕೆ ಆದರೆ ಮಾಡಿದ್ದು ಅತಿಯಾಯಿತೆಂದು ತಿಳಿದು ಮರುದಿನ ಅರ್ಧಕ್ಕೆ ಇಳಿಸಬೇಕು. ರಕ್ತಹೀನತೆಯಿಂದಲೂ, ಥೈರಾಯ್ಡ್ ತೊಂದರೆಯಿಂದಲೂ ಇಂಥ ಸುಸ್ತು ಬರುವುದರಿಂದ ಎಲ್ಲವನ್ನೂ ಕೀಮೋ ಮೇಲೆ ಹಾಕದೆ ವೈದ್ಯರಿಗೆ ಹೇಳುವುದು ಅಗತ್ಯ.

ಯಾವ ದಿನ ಅಭ್ಯಾಸವನ್ನು ಪೂರ್ತಿ ಬಿಡಬೇಕು?

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಯೋಗವನ್ನು ಮರೆತು ತಕ್ಷಣ ಆಸ್ಪತ್ರೆಗೆ ಕರೆ ಮಾಡಬೇಕು. ಎದೆನೋವು, ಹೊಸದಾಗಿ ಕಾಣಿಸಿಕೊಂಡ ಏದುಸಿರು, ಒಂದೇ ಕಾಲಿನಲ್ಲಿ ನೋವಿನೊಡನೆ ಊತ, ಎಲ್ಲಿಂದಲಾದರೂ ರಕ್ತಸ್ರಾವ, ಬೆನ್ನಿನಲ್ಲಿ ಹಠಾತ್ತಾಗಿ ಬಂದ ತೀವ್ರ ನೋವು, ಕಾಲುಗಳಲ್ಲಿ ಬಲ ಕುಂದುವುದು ಇವುಗಳಲ್ಲಿ ಯಾವುದಿದ್ದರೂ ಹಾಗೆಯೇ. ಪದೇ ಪದೇ ವಾಂತಿ ಅಥವಾ ಭೇದಿ ಆಗುತ್ತಿರುವ ದಿನವೂ ವಿಶ್ರಾಂತಿಯೇ ಸರಿ.

ಕಣ್ಣು ಮುಚ್ಚಿ ಕೂತರೆ ಶಾಂತಿಯ ಬದಲು ಭಯವೇ ಹೆಚ್ಚುತ್ತದೆ. ನನ್ನಲ್ಲೇ ಏನಾದರೂ ಕೊರತೆಯೇ?

ಕೊರತೆಯೇನೂ ಇಲ್ಲ. ಹಗಲೆಲ್ಲ ಆಸ್ಪತ್ರೆಯ ಓಡಾಟದಲ್ಲಿ ಹಿಂದೆ ಸರಿದಿದ್ದ ಯೋಚನೆಗಳು ಸುಮ್ಮನಾದ ಕೂಡಲೇ ಮೇಲೇಳುವುದು ಸಹಜ. ದೇಹದ ಒಂದೊಂದೇ ಭಾಗವನ್ನು ಗಮನಿಸಿ ಎಂದು ಹೇಳುವ ಯೋಗನಿದ್ರೆಯಲ್ಲಿ, ಶಸ್ತ್ರಚಿಕಿತ್ಸೆಯಾದ ಭಾಗದ ಹೆಸರು ಕೇಳಿದೊಡನೆ ಅಳು ಬರುವವರೂ ಇದ್ದಾರೆ. ಕಣ್ಣು ತೆರೆದೇ ಅಭ್ಯಾಸ ಮಾಡಬಹುದು. ಅಂಗಾತ ಮಲಗುವ ಬದಲು ಪಕ್ಕಕ್ಕೆ ತಿರುಗಿ ಮಲಗಬಹುದು. ಉಸಿರನ್ನು ಗಮನಿಸುವುದೇ ಕಷ್ಟವೆನಿಸಿದರೆ ಪಾದ ನೆಲಕ್ಕೆ ತಾಗಿರುವ ಸ್ಪರ್ಶವನ್ನು ಗಮನಿಸಬಹುದು. ಶ್ವಾಸಕೋಶದ ಕಾಯಿಲೆ ಇರುವವರಿಗೆ ಉಸಿರಿನ ಮೇಲಿನ ಗಮನವೇ ಗಾಬರಿ ಹುಟ್ಟಿಸುವುದುಂಟು. ಅವರಿಗೆ ಪಾದದ ಸ್ಪರ್ಶವನ್ನು ಗಮನಿಸುವುದು ವಿಶೇಷವಾಗಿ ಉಪಯುಕ್ತ. ತಲೆ ಮತ್ತು ಕತ್ತಿನ ಭಾಗದ ರೇಡಿಯೇಷನ್‌ಗೆ ಮುಖವಾಡ ಬಿಗಿಸಿಕೊಂಡು ಮಲಗಬೇಕಾದವರು, ಸ್ಕ್ಯಾನ್ ಯಂತ್ರದೊಳಗೆ ಹೋಗಲು ಹೆದರುವವರು ಹೊರಬಿಡುವ ಉಸಿರನ್ನು ಮನಸ್ಸಿನಲ್ಲೇ ಎಣಿಸುವುದನ್ನು ಮೊದಲೇ ಮನೆಯಲ್ಲಿ ರೂಢಿ ಮಾಡಿಕೊಂಡರೆ ಅಲ್ಲಿ ನೆರವಿಗೆ ಬರುತ್ತದೆ. ವಾರಗಟ್ಟಲೆ ನಿದ್ದೆ, ಊಟ, ಮಾತು ಯಾವುದೂ ಬೇಡವೆನಿಸಿದರೆ ಯೋಗವೊಂದನ್ನೇ ನೆಚ್ಚದೆ ಮನೋವೈದ್ಯರನ್ನು ಕಾಣಬೇಕು.

ಕಾಯಿಲೆ ಅವರಿಗೆ. ನೋಡಿಕೊಳ್ಳುವ ನನಗೇಕೆ ಯೋಗ?

ಮನೆಯವರಲ್ಲಿ ಬಹುತೇಕ ಎಲ್ಲರೂ ಹೀಗೆಯೇ ಕೇಳುತ್ತಾರೆ. ರೋಗಿಯನ್ನು ತರಗತಿಗೆ ಕರೆತಂದು, ಚಾಪೆ ಹಾಸಿಕೊಟ್ಟು, ಚೀಲ ಹಿಡಿದುಕೊಂಡು ಗೋಡೆಯ ಬಳಿ ನಿಲ್ಲುತ್ತಾರೆ. ಆದರೆ ರಾತ್ರಿ ನಾಲ್ಕು ಸಲ ಎದ್ದವರು ಅವರೂ ಹೌದು. ಹಾಸಿಗೆಯಿಂದ ಎಬ್ಬಿಸಿ ಕೂರಿಸುವಾಗ ಸೊಂಟ ಹಿಡಿದದ್ದು ಅವರಿಗೆ. ವೈದ್ಯರು ಹೇಳಿದ್ದನ್ನು ನೆನಪಿಟ್ಟುಕೊಂಡು, ಹಣ ಹೊಂದಿಸಿ, ನೆಂಟರ ಪ್ರಶ್ನೆಗಳಿಗೆ ಉತ್ತರಿಸಿ, ರೋಗಿಯ ಮುಂದೆ ನಗುಮುಖದಿಂದ ಇರಬೇಕಾದವರೂ ಅವರೇ. ರೋಗಿಯ ನೋವನ್ನು ವೈದ್ಯರು ಪ್ರತಿ ಭೇಟಿಯಲ್ಲಿ ವಿಚಾರಿಸುತ್ತಾರೆ. ಇವರನ್ನು ಯಾರೂ ಕೇಳುವುದಿಲ್ಲ. ತಮ್ಮ ರಕ್ತದೊತ್ತಡದ ಮಾತ್ರೆಯನ್ನೇ ಮರೆತು, ತಮ್ಮ ತಪಾಸಣೆಗಳನ್ನು ಮುಂದೂಡಿದ ಆರೈಕೆದಾರರು ಅಪರೂಪವಲ್ಲ.

ಆದ್ದರಿಂದ ಈ ಕಾರ್ಯಕ್ರಮಗಳಲ್ಲಿ ಮನೆಯವರನ್ನು ಸಹಾಯಕರನ್ನಾಗಿ ಅಲ್ಲ, ಅಭ್ಯಾಸಿಗಳನ್ನಾಗಿ ಕಾಣಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅವರಿಗೂ ಒಂದು ಚಾಪೆ ಇರಬೇಕು, ಆ ಹೊತ್ತಿನಲ್ಲಿ ರೋಗಿಗೆ ನೀರು ಕೊಡುವ ಕೆಲಸ ಬೇರೆಯವರದಾಗಿರಬೇಕು. ಅವರ ಅಭ್ಯಾಸವೂ ರೋಗಿಯದ್ದಕ್ಕಿಂತ ಬೇರೆ: ಕತ್ತು, ಭುಜ, ಸೊಂಟಗಳ ಬಿಗಿತ ಸಡಿಲಿಸುವ ಚಲನೆಗಳು, ಎತ್ತಿ ಕೂರಿಸಲು ಬೇಕಾದ ಕಾಲು ಮತ್ತು ಬೆನ್ನಿನ ಬಲ, ಅರ್ಧಕ್ಕೆ ನಿಂತ ನಿದ್ದೆಯನ್ನು ಮತ್ತೆ ಹಿಡಿಯಲು ನೆರವಾಗುವ ಉಸಿರಾಟ. ಬಾಗಿ ಎತ್ತುವಾಗ ಸೊಂಟದ ಬದಲು ಮಂಡಿ ಮಡಿಸುವುದನ್ನು ಕಲಿತರೆ ಅದೊಂದರಿಂದಲೇ ಎಷ್ಟೋ ನೋವು ತಪ್ಪುತ್ತದೆ.

ಇಬ್ಬರೂ ಒಟ್ಟಿಗೆ ಮಾಡುವುದು ಒಳ್ಳೆಯದೋ, ಬೇರೆ ಬೇರೆಯೋ?

ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ರೇಡಿಯೇಷನ್ ಪಡೆಯುವ ರೋಗಿಗಳೂ ಅವರ ಮನೆಯವರೂ ಜೋಡಿಯಾಗಿ ಯೋಗ ಮಾಡುವ ಕ್ರಮವನ್ನು ಸಣ್ಣ ಪ್ರಯೋಗಗಳಲ್ಲಿ ಪರೀಕ್ಷಿಸಿದ್ದಾರೆ. ಆರಂಭದ ಫಲಿತಾಂಶಗಳು ಆಶಾದಾಯಕವಾಗಿವೆ. ಕಾಯಿಲೆ ಬಂದ ಮೇಲೆ ಇಬ್ಬರ ನಡುವಿನ ಮಾತೆಲ್ಲ ಮಾತ್ರೆ, ಊಟ, ಪರೀಕ್ಷೆಗಳ ಸುತ್ತಲೇ ತಿರುಗುವುದರಿಂದ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಒಟ್ಟಿಗೆ ಉಸಿರಾಡುವ ಹತ್ತು ನಿಮಿಷ ಬೇರೊಂದು ಬಗೆಯ ಒಡನಾಟವನ್ನು ಕೊಡುತ್ತದೆ. ಹಾಗಿದ್ದರೂ ವಾರಕ್ಕೊಮ್ಮೆಯಾದರೂ ಮನೆಯವರದೇ ಪ್ರತ್ಯೇಕ ತರಗತಿ ಇರುವುದು ಮೇಲು. ರೋಗಿ ಪಕ್ಕದಲ್ಲಿದ್ದರೆ ಅವರ ಕಣ್ಣು ಅತ್ತಲೇ ಇರುತ್ತದೆ. ಸಿಟ್ಟು, ಬೇಸರ, ಭಯ ಯಾವುದನ್ನೂ ಅಲ್ಲಿ ಬಾಯಿಬಿಟ್ಟು ಹೇಳಲಾಗುವುದಿಲ್ಲ.

ನನಗೆ ಅರ್ಧ ಗಂಟೆಯೂ ಬಿಡುವಿಲ್ಲವಲ್ಲ?

ಹಾಗಿದ್ದರೆ ಅರ್ಧ ಗಂಟೆಯ ಯೋಚನೆಯನ್ನು ಬಿಡಿ. ಕೀಮೋ ಹನಿಯುತ್ತಿರುವಾಗ ಕುರ್ಚಿಯಲ್ಲಿ ಕುಳಿತೇ ಕತ್ತು ಮತ್ತು ಭುಜ ಸಡಿಲಿಸುವುದು, ಔಷಧದ ಸಾಲಿನಲ್ಲಿ ನಿಂತಾಗ ಹತ್ತು ದೀರ್ಘ ಉಸಿರು, ಮಲಗುವ ಮೊದಲು ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಐದು ನಿಮಿಷ ಅಂಗಾತ ಮಲಗುವುದು ಇವೇ ಸದ್ಯಕ್ಕೆ ಸಾಕು.

ಶಿಕ್ಷಕರನ್ನು ಆರಿಸುವುದು ಹೇಗೆ?

ಯೋಗ ಶಿಕ್ಷಕರ ಸಾಮಾನ್ಯ ತರಬೇತಿ ಅನೇಕ ಕಡೆ 200 ಗಂಟೆಗಳದ್ದು. ಅದರಲ್ಲಿ ಕ್ಯಾನ್ಸರ್ ಬಗ್ಗೆ ಒಂದು ಮಾತೂ ಇಲ್ಲದಿರಬಹುದು. ಅಂತರರಾಷ್ಟ್ರೀಯ ಯೋಗ ಚಿಕಿತ್ಸಕರ ಸಂಘವು ಮಾನ್ಯ ಮಾಡುವ ಯೋಗ ಚಿಕಿತ್ಸಾ ತರಬೇತಿ ಕನಿಷ್ಠ 800 ಗಂಟೆಗಳದ್ದು. ಪ್ರಮಾಣಪತ್ರಕ್ಕಿಂತಲೂ ಹೆಚ್ಚು ತಿಳಿಸುವುದು ಅವರು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳು. ಯಾವ ಶಸ್ತ್ರಚಿಕಿತ್ಸೆ, ಯಾವ ಔಷಧ, ಮೂಳೆಗೆ ಹರಡಿದೆಯೇ, ಕೊನೆಯ ರಕ್ತಪರೀಕ್ಷೆಯಲ್ಲಿ ಏನಿತ್ತು ಎಂದು ವಿಚಾರಿಸದೆ ನೇರವಾಗಿ ಚಾಪೆ ಹಾಸಲು ಹೇಳುವವರ ಬಳಿ ಹೋಗದಿರುವುದೇ ಲೇಸು. ಕೇಳದೆ ದೇಹವನ್ನು ಮುಟ್ಟಿ ತಿದ್ದುವವರೂ, ನಿಮ್ಮ ಮನಸ್ಸಿನ ಕೋಪದಿಂದಲೇ ಈ ಕಾಯಿಲೆ ಬಂತು ಎಂದು ವಿವರಿಸುವವರೂ ಬೇಡ. ಎರಡನೆಯದಕ್ಕೆ ಆಧಾರವಿಲ್ಲ, ಕ್ರೌರ್ಯವಿದೆ.

ಆನ್‌ಲೈನ್ ತರಗತಿ ಆಗುತ್ತದೆಯೇ?

ಆಗುತ್ತದೆ, ಶಿಕ್ಷಕರಿಗೆ ನೀವು ಕಾಣುವಂತಿದ್ದರೆ ಮತ್ತು ಬಿದ್ದರೆ ಹಿಡಿಯಲು ಮನೆಯಲ್ಲಿ ಒಬ್ಬರು ಇದ್ದರೆ. ಯಾರದೋ ವಿಡಿಯೋ ನೋಡಿಕೊಂಡು ಒಬ್ಬರೇ ಕಲಿಯುವುದು ಬೇರೆ ವಿಷಯ; ಚಿಕಿತ್ಸೆಯ ಅವಧಿಯಲ್ಲಿ ಅದು ಬೇಡ.

ಕಾಯಿಲೆ ಗುಣವಾಗುವ ಹಂತ ದಾಟಿದೆ ಎಂದಿದ್ದಾರೆ. ಈಗಲೂ ಇದರಿಂದ ಉಪಯೋಗವಿದೆಯೇ?

ಇದೆ, ಆದರೆ ಗುರಿ ಬದಲಾಗುತ್ತದೆ. ಬಲ ಹೆಚ್ಚಿಸುವುದನ್ನು ಬಿಟ್ಟು ಹಿತವನ್ನು ಮಾತ್ರ ನೋಡಬೇಕು: ಏದುಸಿರು ಕಡಿಮೆಯೆನಿಸುವಂತೆ ದಿಂಬುಗಳನ್ನು ಒರಗಿಸಿ ಕೂರುವ ಬಗೆ, ಮರಗಟ್ಟಿದ ಕೀಲುಗಳನ್ನು ಮನೆಯವರ ನೆರವಿನಿಂದ ಮೆಲ್ಲಗೆ ಆಡಿಸುವುದು, ಭ್ರಾಮರಿಯ ನಾದವನ್ನು ರೋಗಿಯ ಬದಲು ಪಕ್ಕದಲ್ಲಿ ಕುಳಿತವರೇ ಮಾಡುವುದು. ನೋವಿನ ಔಷಧವನ್ನು ಕಡಿಮೆ ಮಾಡುವ ಆಸೆಯಿಂದ ಯೋಗಕ್ಕೆ ಕೈಹಾಕಬಾರದು. ಔಷಧ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಮಾತ್ರ ಇವೆಲ್ಲ ಸಾಧ್ಯವಾಗುತ್ತವೆ.

ಸೇರುವ ಮೊದಲು ವೈದ್ಯರನ್ನು ಏನೆಂದು ಕೇಳಬೇಕು?

ಯೋಗ ಮಾಡಬಹುದೇ ಎಂದಷ್ಟೇ ಕೇಳಿದರೆ ಮಾಡಿ ಎಂಬ ಒಂದೇ ಪದದ ಉತ್ತರ ಬರುತ್ತದೆ. ಮೂಳೆಗಳಲ್ಲಿ ಎಲ್ಲಾದರೂ ದುರ್ಬಲ ಜಾಗವಿದೆಯೇ, ಪ್ಲೇಟ್‌ಲೆಟ್ ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು, ತೋಳನ್ನು ಭುಜದ ಮಟ್ಟದಿಂದ ಮೇಲೆ ಎತ್ತಲು ಯಾವಾಗಿನಿಂದ ಅನುಮತಿ, ನನಗೆ ಕೊಡುತ್ತಿರುವ ಔಷಧ ಹೃದಯದ ಮೇಲೆ ಪರಿಣಾಮ ಬೀರುವಂಥದ್ದೇ ಎಂದು ಬಿಡಿಸಿ ಕೇಳಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಶಿಕ್ಷಕರಿಗೆ ಕೊಡಿ. ಚಿಕಿತ್ಸೆಯ ಕ್ರಮ ಬದಲಾದಾಗಲೆಲ್ಲ ಆ ಹಾಳೆಯನ್ನು ಹೊಸದಾಗಿ ಬರೆಸಬೇಕು. ನೋಡಿಕೊಳ್ಳುವವರಿಗೂ ಬೆನ್ನುನೋವು, ಮಂಡಿನೋವು, ರಕ್ತದೊತ್ತಡ ಇದ್ದರೆ ಅವರದೇ ಇನ್ನೊಂದು ಹಾಳೆ ಬೇಕಾಗುತ್ತದೆ.